ನಾಲ್ಕು ವರ್ಷದ ಟಿಡಿಎಸ್ ರೀಫಂಡ್ ಬಾಕಿ, ರಿಟರ್ನ್ ಹಾಕುವ ಗಡುವು ಮುಗಿದಿದೆ. ಈಗ ಏನು ದಾರಿ?

ತುಂಗಾತೀರ ಕೇಳಿದ್ದು, ನವೆಂಬರ್ 2025

ಎಲ್ಲರಿಗೂ ನಮಸ್ಕಾರ. ತಂದೆಯವರ ಟಿಡಿಎಸ್ (ಬ್ಯಾಂಕು ಬಡ್ಡಿಯಲ್ಲಿ ಮೊದಲೇ ಹಿಡಿದುಕೊಂಡ ತೆರಿಗೆ) ವಾಪಸ್ ಪಡೆಯುವ ವಿಚಾರದಲ್ಲಿ ತಿಳಿದವರ ಸಲಹೆ ಬೇಕಿತ್ತು. ಅವರಿಗೆ ಈಗ 68 ವರ್ಷ, ಇರುವುದು ಹಾವೇರಿ ಜಿಲ್ಲೆಯಲ್ಲಿ. ಬ್ಯಾಂಕಿನ ಎಫ್‌ಡಿ ಬಡ್ಡಿಯೇ ಆದಾಯ. ತೆರಿಗೆ ಹಿಡಿಯಬೇಡಿ ಎಂದು ಹಿರಿಯರು ಬ್ಯಾಂಕಿಗೆ ಕೊಡುವ 15ಎಚ್ ಫಾರ್ಮ್ ಕೊಟ್ಟಿರಲಿಲ್ಲವಾದ್ದರಿಂದ ಬ್ಯಾಂಕು ಪ್ರತಿ ವರ್ಷ ಶೇ. 10ರಂತೆ ಹಿಡಿದುಕೊಂಡಿದೆ. ಪ್ಯಾನ್ ಮೇಲೆ ಹಿಡಿದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ಇರುವ ಲೆಕ್ಕ ಇದು:

2021-22: ಬಡ್ಡಿ 2,38,000, ಟಿಡಿಎಸ್ 23,800
2022-23: ಬಡ್ಡಿ 2,51,000, ಟಿಡಿಎಸ್ 25,100
2023-24: ಬಡ್ಡಿ 2,84,000, ಟಿಡಿಎಸ್ 28,400
2024-25: ಬಡ್ಡಿ 3,42,000, ಟಿಡಿಎಸ್ 34,200

ಒಟ್ಟು 1,11,500 ರೂಪಾಯಿ. 2022ರ ಜೂನ್‌ನಲ್ಲಿ ಪಾರ್ಶ್ವವಾಯು ಆಗಿ ಬಲಗೈ ಸ್ವಾಧೀನ ತಪ್ಪಿದೆ, ಚಿಕಿತ್ಸೆ ಇನ್ನೂ ನಡೆದಿದೆ. ಆಸ್ಪತ್ರೆಯ ಕಾಗದಗಳೆಲ್ಲ ಇವೆ. ಈ ನಾಲ್ಕು ವರ್ಷದಲ್ಲಿ ಒಂದಕ್ಕೂ ರಿಟರ್ನ್ ಹಾಕಿಲ್ಲ. ಇಲ್ಲಿನ ಏಜೆಂಟರೊಬ್ಬರು ಐಟಿಆರ್-ಯು (ಅಪ್‌ಡೇಟೆಡ್ ರಿಟರ್ನ್) ಹಾಕಿದರೆ ನಾಲ್ಕೂ ವರ್ಷದ ದುಡ್ಡು ಬರುತ್ತದೆ ಅನ್ನುತ್ತಾರೆ. ಇದು ನಿಜವೇ? ದಂಡ ಎಷ್ಟು ಬೀಳುತ್ತದೆ? ಅದನ್ನು ಮನ್ನಾ ಮಾಡಿಸಲು ಬರುತ್ತದೆಯೇ?

---

ಖಾತೆಕಿರ್ದಿ ಬರೆದದ್ದು

ಮೊದಲು ಐಟಿಆರ್-ಯು ವಿಚಾರ ಬಿಟ್ಟುಬಿಡಿ. ಅಪ್‌ಡೇಟೆಡ್ ರಿಟರ್ನ್ ಇರುವುದು ಬಿಟ್ಟುಹೋದ ಆದಾಯ ತೋರಿಸಿ ಹೆಚ್ಚು ತೆರಿಗೆ ಕಟ್ಟುವವರಿಗೆ. ಆದಾಯ ತೆರಿಗೆ ಕಾಯ್ದೆಯ ಕಲಂ 139(8ಎ) ಪ್ರಕಾರ ಅದರಲ್ಲಿ ರೀಫಂಡ್ ಕೇಳುವಂತಿಲ್ಲ, ಇರುವ ರೀಫಂಡ್ ಹೆಚ್ಚಿಸುವಂತೆಯೂ ಇಲ್ಲ. ಈಚೆಗೆ ಅದರ ಅವಧಿ 24ರಿಂದ 48 ತಿಂಗಳಿಗೆ ಏರಿದೆ. ಆ ಸುದ್ದಿ ಕೇಳಿ ಬಹಳ ಮಂದಿ ಹಳೆ ರೀಫಂಡೂ ಬರುತ್ತದೆ ಅಂದುಕೊಂಡಿದ್ದಾರೆ, ನಿಮ್ಮ ಏಜೆಂಟರೂ ಹಾಗೇ ಅಂದುಕೊಂಡಿರಬೇಕು. ಏರಿದ್ದು ಅವಧಿ ಮಾತ್ರ, ರೀಫಂಡ್ ಇಲ್ಲ ಎಂಬ ಷರತ್ತು ಹಾಗೇ ಇದೆ.

ನಿಮ್ಮ ನಾಲ್ಕು ವರ್ಷವನ್ನು ಎರಡು ಭಾಗ ಮಾಡಿ ನೋಡಿ. 2024-25ರದ್ದು, ಅಂದರೆ 2025-26ರ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನ ವರ್ಷ), ಇನ್ನೂ ಕೈಲಿದೆ. ಅದರ ಮೂಲ ಗಡುವು ಸೆಪ್ಟೆಂಬರ್ 16ಕ್ಕೆ ಮುಗಿಯಿತು, ಆದರೆ ತಡವಾದ ರಿಟರ್ನನ್ನು ಕಲಂ 139(4)ರಡಿ ಡಿಸೆಂಬರ್ 31ರವರೆಗೆ ಹಾಕಬಹುದು. ಯಾರ ಅನುಮತಿಯೂ ಬೇಡ. ಈ ಕೆಲಸವನ್ನು ಈ ವಾರವೇ ಮುಗಿಸಿ. ಡಿಸೆಂಬರ್ ಕೊನೆಯ ವಾರ ತೆರಿಗೆ ಇಲಾಖೆಯ ಪೋರ್ಟಲ್ ನಿಧಾನವಾಗುತ್ತದೆ, ಓಟಿಪಿ ಬರುವುದಿಲ್ಲ, ಆಮೇಲೆ ಇದೂ ಉಳಿದ ಮೂರರ ಸಾಲಿಗೆ ಸೇರುತ್ತದೆ.

ಇದರ ಲೆಕ್ಕ: ತಡವಾಗಿ ಹಾಕುವವರಿಗೆ ಹಳೆ ತೆರಿಗೆ ಪದ್ಧತಿ (ಕಡಿತಗಳು ಹೆಚ್ಚಿರುವುದು) ಆಯ್ದುಕೊಳ್ಳುವ ಅವಕಾಶ ಇಲ್ಲ, ಹೊಸ ಪದ್ಧತಿಯೇ. ಅದರಲ್ಲಿ ಆ ವರ್ಷಕ್ಕೆ ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ, ಹಿರಿಯ ನಾಗರಿಕರಿಗೆ ಬೇರೆ ಮಿತಿಯೂ ಇಲ್ಲ. ಮಿಕ್ಕ 42,000ಕ್ಕೆ ಶೇ. 5 ಅಂದರೆ 2,100. ಆದಾಯ 7 ಲಕ್ಷದೊಳಗೆ ಇರುವುದರಿಂದ 87ಎ ರಿಯಾಯಿತಿಯಲ್ಲಿ ಅದೂ ಸೊನ್ನೆ. ಆದರೆ 3 ಲಕ್ಷ ದಾಟಿದ್ದರಿಂದ ರಿಟರ್ನ್ ಹಾಕುವುದು ಕಡ್ಡಾಯವಾಗಿತ್ತು. ಹಾಗಾಗಿ 234ಎಫ್ ವಿಳಂಬ ಶುಲ್ಕ ಬೀಳುತ್ತದೆ. ಒಟ್ಟು ಆದಾಯ 5 ಲಕ್ಷದೊಳಗಿದ್ದರೆ 1,000, ಮೀರಿದರೆ 5,000. ನಿಮಗೆ 1,000. ಅದನ್ನು ಬೇರೆ ಚಲನ್‌ನಲ್ಲಿ ಕಟ್ಟಬೇಕಿಲ್ಲ, ಟಿಡಿಎಸ್‌ನಲ್ಲೇ ವಜಾ ಆಗಿ 33,200 ಬರುತ್ತದೆ. ಜೊತೆಗೆ 244ಎ ಬಡ್ಡಿ ತಿಂಗಳಿಗೆ ಶೇ. 0.5ರಂತೆ ಸೇರುತ್ತದೆ. ಸಮಯಕ್ಕೆ ಹಾಕಿದವರಿಗೆ ಅದು ಏಪ್ರಿಲ್ 1ರಿಂದ, ತಡವಾದವರಿಗೆ ರಿಟರ್ನ್ ಹಾಕಿದ ದಿನದಿಂದ. ಆ ಬಡ್ಡಿ ಮುಂದಿನ ವರ್ಷದ ಆದಾಯಕ್ಕೆ ಸೇರುತ್ತದೆ ಎಂಬುದು ನೆನಪಿರಲಿ.

234ಎಫ್ ಶುಲ್ಕ ಮನ್ನಾ ಮಾಡುವ ಅಧಿಕಾರ ವಾರ್ಡಿನ (ಸ್ಥಳೀಯ ತೆರಿಗೆ ಕಚೇರಿಯ) ಅಧಿಕಾರಿಗೆ ಇಲ್ಲ. ಅದಕ್ಕೊಂದು ಅರ್ಜಿ ಬರೆದು ಓಡಾಡುವುದರಲ್ಲಿ ಅರ್ಥವಿಲ್ಲ. 1,000 ಹೋಗಲಿ, 33,200 ಬರಲಿ.

ಹಳೆಯ ಮೂರು ವರ್ಷಗಳ 77,300ಕ್ಕೆ ದಾರಿ ಒಂದೇ. ಕಲಂ 119(2)(ಬಿ) ಅಡಿ ವಿಳಂಬ ಮನ್ನಾ ಅರ್ಜಿ. ಅದನ್ನು ಮಾಡಿಸಿ ಗೊತ್ತಿರುವವರು ವಿವರ ಹೇಳಲಿ.

---

ವಾರ್ಡ್ ಬಾಗಿಲು ಬರೆದದ್ದು

ಮೇಲಿನ ಲೆಕ್ಕ ಸರಿಯಾಗಿದೆ. ಕಂಡೊನೇಷನ್ (ವಿಳಂಬ ಮನ್ನಾ) ಭಾಗ ನಾನು ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಈಗ ನಡೆಯುವುದು ಸಿಬಿಡಿಟಿಯ (ಕೇಂದ್ರ ನೇರ ತೆರಿಗೆ ಮಂಡಳಿ) 2024ರ ಅಕ್ಟೋಬರ್ 1ರ 11/2024 ಸುತ್ತೋಲೆ ಪ್ರಕಾರ. ಹಿಂದಿನ 9/2015 ರದ್ದಾಗಿದೆ. ಅರ್ಜಿ ಹಾಕುವ ಅವಧಿ ಅದರಲ್ಲಿ ಆರು ವರ್ಷ ಇದ್ದದ್ದು ಈಗ ಐದು ವರ್ಷ. ಎಣಿಸಬೇಕಾದದ್ದು ಅಸೆಸ್‌ಮೆಂಟ್ ವರ್ಷದ ಕೊನೆಯಿಂದ. ನಿಮ್ಮ 2021-22ರ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ 2022-23, ಅದು ಮುಗಿದದ್ದು 2023ರ ಮಾರ್ಚ್ 31ಕ್ಕೆ, ಹಾಗಾಗಿ 2028ರ ಮಾರ್ಚ್ 31ರವರೆಗೆ ಅರ್ಜಿ ಹಾಕಬಹುದು. ಮಿಕ್ಕ ಎರಡಕ್ಕೆ 2029 ಮತ್ತು 2030. ಇದನ್ನು ಓದುತ್ತಿರುವ ಬೇರೆಯವರಿಗೆ 2019-20ರ ಟಿಡಿಎಸ್ ಬಾಕಿ ಇದ್ದರೆ ಅವರ ಗಡುವು ಬರುವ ಮಾರ್ಚ್ 31, ದಯವಿಟ್ಟು ತಡ ಮಾಡಬೇಡಿ. ನಿಮಗೆ ಕಾಲ ಇದೆ ಎಂದು ನೀವೂ ಕಾಯಬೇಡಿ. ಕಾರಣ ಗೊತ್ತಾದ ಮೇಲೂ ಸುಮ್ಮನಿದ್ದ ಪ್ರತಿ ತಿಂಗಳಿಗೂ ಉತ್ತರ ಕೊಡಬೇಕಾಗುತ್ತದೆ.

ಒಂದು ವರ್ಷದ ಕ್ಲೇಮ್ 1 ಕೋಟಿಯೊಳಗಿದ್ದರೆ ತೀರ್ಮಾನ ಪ್ರಿನ್ಸಿಪಲ್ ಕಮಿಷನರ್ ಅಥವಾ ಕಮಿಷನರ್ ಅವರದು. 1ರಿಂದ 3 ಕೋಟಿ ಚೀಫ್ ಕಮಿಷನರ್, ಅದಕ್ಕೂ ಮೇಲೆ ಪ್ರಿನ್ಸಿಪಲ್ ಚೀಫ್ ಕಮಿಷನರ್. ನಿಮ್ಮದು ಮೊದಲ ಹಂತದಲ್ಲೇ ಮುಗಿಯುವಂಥದ್ದು. ತಂದೆಯವರ ಪ್ಯಾನ್ ಯಾವ ವಾರ್ಡಿನಲ್ಲಿದೆ ಎಂಬುದನ್ನು ಪೋರ್ಟಲ್‌ನ 'ನೋ ಯುವರ್ ಎಒ' (ನಿಮ್ಮ ತೆರಿಗೆ ಅಧಿಕಾರಿ ಯಾರು ಎಂದು ತೋರಿಸುವ ಪುಟ) ದಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ವಿಳಾಸ ಬದಲಾಗಿದ್ದರೂ ಪ್ಯಾನ್ ಹಳೆ ಊರಿನ ವಾರ್ಡಿನಲ್ಲೇ ಉಳಿದಿರುವುದು ಸಾಮಾನ್ಯ.

ಅರ್ಜಿ ಪೋರ್ಟಲ್‌ನಲ್ಲೇ ಹಾಕಬಹುದು. ಲಾಗಿನ್ ಆಗಿ ಸರ್ವೀಸಸ್, ಅದರಲ್ಲಿ ಕಂಡೊನೇಷನ್ ರಿಕ್ವೆಸ್ಟ್. ಅಲ್ಲಿ ಐಟಿಆರ್-ವಿ (ಹಾಕಿದ ರಿಟರ್ನಿನ ದೃಢೀಕರಣ) ತಡವಾದದ್ದಕ್ಕೆ ಒಂದು ಆಯ್ಕೆ, ಗಡುವು ಮುಗಿದ ಮೇಲೆ ರಿಟರ್ನ್ ಹಾಕಲು ಅನುಮತಿ ಕೇಳುವುದಕ್ಕೆ ಇನ್ನೊಂದು. ನಿಮಗೆ ಬೇಕಾದದ್ದು ಎರಡನೆಯದು. ಅವಸರದಲ್ಲಿ ಮೊದಲನೆಯದನ್ನು ಒತ್ತಿ ತಿಂಗಳುಗಟ್ಟಲೆ ಕಾದು ತಿರಸ್ಕೃತವಾಗುವುದು ಬಹಳ ನಡೆಯುತ್ತದೆ. ವರ್ಷಕ್ಕೊಂದು ಅರ್ಜಿ, ಅಂದರೆ ಮೂರು ಅರ್ಜಿ. ಹಾಕಿದ ಮೇಲೆ ಸ್ವೀಕೃತಿ ಮತ್ತು ಲಗತ್ತುಗಳ ಒಂದು ಪ್ರತಿಯನ್ನು ವಾರ್ಡಿನ ಟಪಾಲಿನಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಕಮಿಷನರ್ ಕಚೇರಿ ವಾರ್ಡಿನಿಂದ ವರದಿ ತರಿಸುತ್ತದೆ, ಹೆಚ್ಚಿನ ಅರ್ಜಿ ನಿಲ್ಲುವುದು ಆ ವರದಿ ಹೋಗದೆ. ಅರ್ಜಿ ಬಂದ ತಿಂಗಳ ಕೊನೆಯಿಂದ ಆದಷ್ಟು ಮಟ್ಟಿಗೆ ಆರು ತಿಂಗಳೊಳಗೆ ತೀರ್ಮಾನಿಸಬೇಕು ಎಂದು ಸುತ್ತೋಲೆಯೇ ಹೇಳುತ್ತದೆ, ವಿಚಾರಿಸಲು ಹೋದಾಗ ಅದನ್ನು ತೋರಿಸಿ.

ಇನ್ನು ಅರ್ಜಿಯಲ್ಲಿ ಏನಿರಬೇಕು. ಅಧಿಕಾರಿ ನೋಡುವುದು ಮೂರು ಸಂಗತಿ: ಕ್ಲೇಮ್ ಸರಿಯಾದದ್ದೇ, ಆ ಆದಾಯ ಬೇರೆ ಯಾರ ಕೈಯಲ್ಲೂ ತೆರಿಗೆಗೆ ಒಳಪಡುವುದಿಲ್ಲವೇ, ತಡವಾದದ್ದಕ್ಕೆ ನಿಜವಾದ ತೊಂದರೆ ಇತ್ತೇ. ಮೊದಲೆರಡಕ್ಕೆ ಫಾರ್ಮ್ 16ಎ (ಬ್ಯಾಂಕು ಕೊಡುವ ಟಿಡಿಎಸ್ ಪ್ರಮಾಣಪತ್ರ), 26ಎಎಸ್, ಎಐಎಸ್ (ಇಲಾಖೆಯ ಬಳಿ ಇರುವ ವರ್ಷದ ಆದಾಯ ವಿವರ), ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ಮತ್ತು ಒಂದು ಪುಟದ ಆದಾಯ ಲೆಕ್ಕ ಸಾಕು. ಎಫ್‌ಡಿ ಜಂಟಿ ಹೆಸರಿನಲ್ಲಿದ್ದರೆ ದುಡ್ಡು ತಂದೆಯವರದೇ ಎಂದು ಒಂದು ಸಾಲು ಬರೆಯಿರಿ.

ಮೂರನೆಯದರಲ್ಲೇ ಅರ್ಜಿಗಳು ಬೀಳುವುದು. 'ಅನಾರೋಗ್ಯದ ನಿಮಿತ್ತ ರಿಟರ್ನ್ ಸಲ್ಲಿಸಲಾಗಲಿಲ್ಲ' ಎಂದು ಒಂದೇ ಸಾಲು ಗೀಚಿ ಮೂರೂ ವರ್ಷಕ್ಕೆ ಅದನ್ನೇ ಅಂಟಿಸುತ್ತಾರೆ. ಹಾಗೆ ಮಾಡಬೇಡಿ. ಆಯಾ ವರ್ಷದ ಕೊನೆಯ ದಿನಾಂಕ ಹಿಡಿದು ಬರೆಯಿರಿ. ನಿಮ್ಮ ಮೊದಲ ವರ್ಷಕ್ಕೆ ಹೀಗೆ ಬರಲಿ: 'ಅಸೆಸ್‌ಮೆಂಟ್ ವರ್ಷ 2022-23ರ ರಿಟರ್ನ್ ಸಲ್ಲಿಸಲು ಮೂಲ ಗಡುವು 31-7-2022, ತಡವಾದ ರಿಟರ್ನಿಗೆ 31-12-2022. ಅರ್ಜಿದಾರರಿಗೆ ಜೂನ್ 2022ರಲ್ಲಿ ಪಾರ್ಶ್ವವಾಯು ಆಗಿ ಇಂಥ ದಿನದಿಂದ ಇಂಥ ದಿನದವರೆಗೆ ಒಳರೋಗಿಯಾಗಿದ್ದರು, ಡಿಸ್ಚಾರ್ಜ್ ಸಾರಾಂಶ ಲಗತ್ತು 4. ಆಮೇಲೆ ಇಂಥ ತಿಂಗಳವರೆಗೆ ಫಿಸಿಯೊಥೆರಪಿ, ಲಗತ್ತು 5. ಬಲಗೈ ಸ್ವಾಧೀನ ಇಲ್ಲದಿರುವುದಕ್ಕೆ ವೈದ್ಯರ ದೃಢೀಕರಣ, ಲಗತ್ತು 6.' ಎರಡನೇ ವರ್ಷಕ್ಕೆ 31-12-2023 ಹಿಡಿಯಿರಿ. ಮೂರನೇ ವರ್ಷಕ್ಕೆ ಡಿಸೆಂಬರ್ 31 ಅಲ್ಲ, ಆ ಸಲ ನಿವಾಸಿಗಳಿಗೆ 2025ರ ಜನವರಿ 15ರವರೆಗೆ ವಿಸ್ತರಿಸಿದ್ದರು. ಗಡುವು ಮುಗಿದಂದಿನಿಂದ ಅರ್ಜಿ ಹಾಕುವ ದಿನದವರೆಗೂ ಖಾಲಿ ಬಿಡಬೇಡಿ. ಟಿಡಿಎಸ್ ಇದೆ ಎಂಬುದು ಮನೆಯವರಿಗೆ ಯಾವಾಗ, ಯಾವ ಕಾಗದದಿಂದ ತಿಳಿಯಿತು ಎಂದೂ ಬರೆಯಿರಿ. ಇದ್ದದ್ದನ್ನೇ ಬರೆಯಿರಿ, ಆಸ್ಪತ್ರೆಯ ದಿನಾಂಕಕ್ಕೂ ಅರ್ಜಿಯ ದಿನಾಂಕಕ್ಕೂ ಒಂದು ದಿನ ವ್ಯತ್ಯಾಸ ಬಂದರೂ ಇಡೀ ಅರ್ಜಿಯ ಮೇಲೆ ಅನುಮಾನ ಬರುತ್ತದೆ.

ಮೊದಲ ಎರಡು ವರ್ಷಗಳಲ್ಲಿ ನಿಮಗೊಂದು ಗಟ್ಟಿ ಅಂಶ ಇದೆ. ಬಡ್ಡಿ 3 ಲಕ್ಷದೊಳಗೇ ಇದೆ, ಹಳೆ ಪದ್ಧತಿಯಲ್ಲಿ ಹಿರಿಯ ನಾಗರಿಕರ ಮಿತಿ 3 ಲಕ್ಷ. ಟಿಡಿಎಸ್ 25,000 ದಾಟಿದರೆ ರಿಟರ್ನ್ ಕಡ್ಡಾಯ ಎಂಬ ನಿಯಮ 12ಎಬಿ ಇದೆ, ಆದರೆ 60 ದಾಟಿದವರಿಗೆ ಆ ಮಿತಿ 50,000. ಅಂದರೆ ತಂದೆಯವರಿಗೆ ರಿಟರ್ನ್ ಹಾಕುವ ಬಾಧ್ಯತೆಯೇ ಇರಲಿಲ್ಲ, ಹಾಗಾಗಿ 234ಎಫ್ ಶುಲ್ಕವೂ ಇಲ್ಲ. ಇದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಕಟ್ಟಬೇಕಿಲ್ಲದ ತೆರಿಗೆ ಸರ್ಕಾರದ ಬಳಿ ಉಳಿದಿದೆ ಎಂಬುದೇ ಇಲ್ಲಿಯ ತಿರುಳು. ವಿಳಂಬ ಮನ್ನಾದಲ್ಲಿ ಉದಾರವಾಗಿ ನೋಡಬೇಕು ಎಂಬುದಕ್ಕೆ ಸುಪ್ರೀಂ ಕೋರ್ಟಿನ 1987ರ ಕಟಿಜಿ ತೀರ್ಪನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ನೀವೂ ಸೇರಿಸಿ. ಆದರೆ ನಾಲ್ಕು ಪುಟ ತೀರ್ಪು, ಅರ್ಧ ಪುಟ ಸಂಗತಿ ಆಗಬಾರದು.

ತಿರಸ್ಕರಿಸಿದರೆ ಆ ಆದೇಶದ ಮೇಲೆ ಸಾಮಾನ್ಯ ಮೇಲ್ಮನವಿ ಇಲ್ಲ, ಹೈಕೋರ್ಟಿನಲ್ಲಿ ರಿಟ್ ಹಾಕಬೇಕು. ಹಾವೇರಿಯವರಿಗೆ ಧಾರವಾಡ ಪೀಠ. 77,300ಕ್ಕೆ ವಕೀಲರ ಫೀ ನೋಡಿದರೆ ಅಲ್ಲಿಗೆ ಹೋಗುವ ಸ್ಥಿತಿ ಬಾರದಂತೆ ಮೊದಲ ಅರ್ಜಿಯಲ್ಲೇ ಶ್ರಮ ಹಾಕುವುದು ಮೇಲು.

---

ಜಮಾಖರ್ಚು ಬರೆದದ್ದು

ಅರ್ಜಿಗೆ ಮೊದಲು ನೋಡಬೇಕಾದ ಕೆಲವು ಇವೆ, ಇವು ಬಿಟ್ಟರೆ ಆದೇಶ ಬಂದರೂ ದುಡ್ಡು ಬರುವುದಿಲ್ಲ.

ಪ್ಯಾನ್-ಆಧಾರ್ ಜೋಡಣೆ ಆಗಿದೆಯೇ? ಆಗಿರದಿದ್ದರೆ 2023ರ ಜುಲೈ 1ರಿಂದ ಪ್ಯಾನ್ ನಿಷ್ಕ್ರಿಯ. ನಿಷ್ಕ್ರಿಯ ಪ್ಯಾನಿಗೆ ರೀಫಂಡ್ ಕೊಡುವುದಿಲ್ಲ, ಆ ಅವಧಿಯ ಬಡ್ಡಿಯೂ ಇಲ್ಲ. ಇ-ಪೇ ಟ್ಯಾಕ್ಸ್‌ನಲ್ಲಿ 1,000 ಕಟ್ಟಿ, ಆಮೇಲೆ ಲಿಂಕ್ ರಿಕ್ವೆಸ್ಟ್ ಕೊಡಬೇಕು. ದುಡ್ಡು ಕಟ್ಟಿದ ಮಾತ್ರಕ್ಕೆ ಜೋಡಣೆ ಆಗುವುದಿಲ್ಲ, ಎರಡನೇ ಹೆಜ್ಜೆ ಮರೆಯುವವರೇ ಹೆಚ್ಚು. 80 ದಾಟಿದವರಿಗೆ ಇದರಿಂದ ವಿನಾಯಿತಿ ಇದೆ, ನಿಮ್ಮ ತಂದೆಯವರಿಗೆ ಇಲ್ಲ.

ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ಪ್ರೀ-ವ್ಯಾಲಿಡೇಟ್ (ಮೊದಲೇ ಪರಿಶೀಲನೆ) ಆಗಿ, ರೀಫಂಡಿಗೆ ನಾಮಿನೇಟ್ ಆಗಿರಬೇಕು. ನಮ್ಮ ಕಡೆ ಇಲ್ಲಿ ಎರಡು ತೊಡಕು. ಒಂದು, ಇನಿಷಿಯಲ್. ಪ್ಯಾನಿನಲ್ಲಿ ತಂದೆ ಹೆಸರು, ಊರ ಹೆಸರು ಬಿಡಿಸಿ ಬರೆದಿರುತ್ತದೆ, ಪಾಸ್‌ಬುಕ್ಕಿನಲ್ಲಿ ಎರಡು ಅಕ್ಷರ ಮಾತ್ರ. ಹೆಸರು ಹೊಂದದೆ ವ್ಯಾಲಿಡೇಷನ್ ಬೀಳುತ್ತದೆ. ಬ್ಯಾಂಕಿಗೆ ಹೋಗಿ ಪ್ಯಾನಿನಲ್ಲಿದ್ದಂತೆ ಹೆಸರು ಮಾಡಿಸಿಕೊಳ್ಳುವುದೇ ಸುಲಭ. ಎರಡು, ವಿಲೀನವಾದ ಬ್ಯಾಂಕುಗಳು. ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್‌ಗೆ, ವಿಜಯಾ ಬರೋಡಾಕ್ಕೆ ಸೇರಿದವು. 2025ರ ಮೇನಲ್ಲಿ ಗ್ರಾಮೀಣ ಬ್ಯಾಂಕುಗಳೂ ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಪ್ರೊಫೈಲಿನಲ್ಲಿ ಹಳೆ ಐಎಫ್‌ಎಸ್‌ಸಿ ಇದ್ದರೆ ತೆಗೆದು ಹೊಸದು ಹಾಕಿ. ದುಡ್ಡು ಒಮ್ಮೆ ವಾಪಸ್ ಹೋದರೆ ತಾನಾಗಿ ಮತ್ತೆ ಬರುವುದಿಲ್ಲ, ಸರ್ವೀಸಸ್‌ನಲ್ಲಿ ರೀಫಂಡ್ ರೀಇಶ್ಯೂ ಕೊಡಬೇಕು.

ಹಳೆ ಡಿಮ್ಯಾಂಡ್ (ಇಲಾಖೆ ಕೇಳಿರುವ ಬಾಕಿ ತೆರಿಗೆ) ಏನಾದರೂ ಇದೆಯೇ ಎಂದು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್ ಪುಟದಲ್ಲಿ ನೋಡಿ. ಇದ್ದರೆ ಕಲಂ 245ರಡಿ ರೀಫಂಡಿನಲ್ಲೇ ಮುರಿದುಕೊಳ್ಳುತ್ತಾರೆ. ಅದಕ್ಕೆ ಮೊದಲು ನೋಟಿಸ್ ಬರುತ್ತದೆ, 21 ದಿನದಲ್ಲಿ ಉತ್ತರಿಸಬೇಕು.

ಇನ್ನೊಂದು ಮುಖ್ಯ ಪ್ರಶ್ನೆ, ತುಂಗಾತೀರ ಅವರೇ. ಸೌಹಾರ್ದ ಅಥವಾ ಪತ್ತಿನ ಸಹಕಾರ ಸಂಘದಲ್ಲಿ ಠೇವಣಿ ಇದೆಯೇ? ಜಮೀನು ಇದೆಯೇ? ಸಂಘದ ಬಡ್ಡಿ 26ಎಎಸ್‌ನಲ್ಲಿ ಕಾಣದಿದ್ದರೂ ಆದಾಯವೇ. ಕೃಷಿ ಆದಾಯ 5,000 ದಾಟಿದ್ದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಹಾಕಬೇಕು.

---

ತುಂಗಾತೀರ ಬರೆದದ್ದು

ಮೂವರಿಗೂ ತುಂಬಾ ಧನ್ಯವಾದ. ಜಮೀನು ಇಲ್ಲ. ಸೌಹಾರ್ದದಲ್ಲಿ ಠೇವಣಿ ಇದೆ, ವರ್ಷಕ್ಕೆ ಸುಮಾರು 40,000 ಬಡ್ಡಿ, ಟಿಡಿಎಸ್ ಇಲ್ಲ. ಪ್ಯಾನ್-ಆಧಾರ್ ಜೋಡಣೆ ಆಗಿದೆ. ತಂದೆಯವರಿಗೆ ಸಹಿ ಮಾಡಲು ಆಗದು, ಆದರೆ ಮಾತು, ತಿಳುವಳಿಕೆ ಚೆನ್ನಾಗಿದೆ. ಅರ್ಜಿಗೆ ಸಹಿ ಹೇಗೆ?

---

ಕುಂದಾಪ್ರ ಕರಾವಳಿ ಕೇಳಿದ್ದು

ಇದೇ ಎಳೆಯಲ್ಲಿ ನನ್ನದೊಂದು ಪ್ರಶ್ನೆ. ಈ ವರ್ಷದ ರಿಟರ್ನ್ ಸೆಪ್ಟೆಂಬರ್ 12ಕ್ಕೇ ಅಪ್‌ಲೋಡ್ ಆಗಿದೆ, ಹಳೆ ಪದ್ಧತಿ, ಆದಾಯ 9 ಲಕ್ಷ. ಇ-ವೆರಿಫೈ ಮಾಡಿಲ್ಲ. ಈಗ ಮಾಡಿದರೆ ದಂಡ ಇದೆಯೇ?

---

ಖಾತೆಕಿರ್ದಿ ಬರೆದದ್ದು

ಕುಂದಾಪ್ರ ಅವರಿಗೆ ಮೊದಲು. ವೆರಿಫೈ ಮಾಡಲು ಇರುವುದು 30 ದಿನ. ಅದರೊಳಗೆ ಮಾಡಿದ್ದರೆ ಅಪ್‌ಲೋಡ್ ಮಾಡಿದ ದಿನವೇ ಸಲ್ಲಿಸಿದ ದಿನ. ಮೀರಿದರೆ ವೆರಿಫೈ ಮಾಡಿದ ದಿನವೇ ಸಲ್ಲಿಸಿದ ದಿನ. ಅಂದರೆ ನಿಮ್ಮದು ಸೆಪ್ಟೆಂಬರ್ 16ರ ನಂತರದ ರಿಟರ್ನ್ ಆಯಿತು. 5,000 ಶುಲ್ಕ ಒಂದು ಕಡೆ, ಹಳೆ ಪದ್ಧತಿಯೇ ಕೈತಪ್ಪುವುದು ಇನ್ನೊಂದು ಕಡೆ. 80ಸಿ, ಗೃಹಸಾಲದ ಬಡ್ಡಿ ಎಲ್ಲ ಹೋಗಿ ಡಿಮ್ಯಾಂಡ್ ಬರಬಹುದು. ಪೋರ್ಟಲ್‌ನಲ್ಲಿ ಕಂಡೊನೇಷನ್ ರಿಕ್ವೆಸ್ಟ್‌ನ ಮೊದಲ ಆಯ್ಕೆ ನಿಮ್ಮಂಥವರಿಗೇ ಇರುವುದು, ತಡವಾದದ್ದಕ್ಕೆ ಕಾರಣ ಬರೆದು ಹಾಕಿ, ಅದು ಬೆಂಗಳೂರಿನ ಸಿಪಿಸಿಗೆ (ರಿಟರ್ನ್ ಸಂಸ್ಕರಣಾ ಕೇಂದ್ರ) ಹೋಗುತ್ತದೆ. ಯಾವುದಕ್ಕೂ ಹೊಸ ಪದ್ಧತಿಯಲ್ಲಿ ತೆರಿಗೆ ಎಷ್ಟಾಗುತ್ತದೆ ಎಂದು ಈಗಲೇ ಲೆಕ್ಕ ಹಾಕಿಟ್ಟುಕೊಳ್ಳಿ. ವೆರಿಫೈ ಆಗದ ರಿಟರ್ನ್ ಹಾಕದಿದ್ದಂತೆಯೇ ಲೆಕ್ಕ, ಆದ್ದರಿಂದ ಡಿಸೆಂಬರ್ 31 ದಾಟಲು ಬಿಡಬೇಡಿ.

ತುಂಗಾತೀರ ಅವರಿಗೆ: 40,000 ಸೇರಿಸಿದರೆ 2021-22ಕ್ಕೆ 2,78,000, 2022-23ಕ್ಕೆ 2,91,000. ಎರಡೂ 3 ಲಕ್ಷದೊಳಗೇ. 2023-24ಕ್ಕೆ 3,24,000 ಆಗುತ್ತದೆ. ತೆರಿಗೆ 87ಎ ಕಾರಣ ಸೊನ್ನೆಯೇ, ಆದರೆ ಆ ವರ್ಷದ ಅರ್ಜಿಯಲ್ಲಿ ರಿಟರ್ನ್ ಹಾಕುವ ಬಾಧ್ಯತೆ ಇರಲಿಲ್ಲ ಎಂಬ ಸಾಲು ಬರೆಯುವಂತಿಲ್ಲ. 1,000 ಶುಲ್ಕಕ್ಕೂ ಸಿದ್ಧರಿರಿ. 2024-25ಕ್ಕೆ 3,82,000 ತೋರಿಸಿ, ರೀಫಂಡ್ 33,200 ಹಾಗೇ ಉಳಿಯುತ್ತದೆ. ಜಮಾಖರ್ಚು ಅವರು ಕೇಳಿದ್ದು ಒಳ್ಳೆಯದಾಯಿತು. ಸಂಘದ ಬಡ್ಡಿ ಮುಚ್ಚಿಟ್ಟದ್ದು ವಾರ್ಡಿನ ವಿಚಾರಣೆಯಲ್ಲಿ ಸಿಕ್ಕರೆ ಸರಿಯಾದ ಕ್ಲೇಮೂ ಬಿದ್ದುಹೋಗುತ್ತದೆ.

---

ವಾರ್ಡ್ ಬಾಗಿಲು ಬರೆದದ್ದು

ಸಹಿಯ ವಿಚಾರ. ಪೋರ್ಟಲ್‌ನ ಕೆಲಸಕ್ಕೆ ಆಧಾರ್ ಓಟಿಪಿ ಸಾಕು, ಆಧಾರ್‌ಗೆ ಅವರ ಚಾಲ್ತಿ ಮೊಬೈಲ್ ಸಂಖ್ಯೆ ಸೇರಿರಬೇಕು ಅಷ್ಟೆ. ಕಾಗದದ ಅರ್ಜಿ ಮತ್ತು ಅಫಿಡವಿಟ್‌ಗೆ ಎಡಗೈ ಹೆಬ್ಬೆಟ್ಟು ಒತ್ತಿಸಿ. ಓದಿ ಹೇಳಿ ಒಪ್ಪಿಗೆ ಪಡೆಯಲಾಗಿದೆ ಎಂಬ ಸಾಲು, ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಸೀಲ್ ಇರಲಿ. ವೈದ್ಯರ ದೃಢೀಕರಣದಲ್ಲಿ 'ಬಲಗೈಯಿಂದ ಬರೆಯಲು ಅಶಕ್ತರು, ಮಾನಸಿಕವಾಗಿ ಸ್ವಸ್ಥರು' ಎಂದು ಎರಡೂ ಬರೆಸಿಕೊಳ್ಳಿ. ವಾರ್ಡಿಗೆ ನೀವೇ ಓಡಾಡುವುದಾದರೆ ನಿಮ್ಮ ಹೆಸರಿಗೆ ಅಧಿಕಾರ ಪತ್ರವೂ ಬೇಕು.

ಆದೇಶ ಬಂದ ಮೇಲೆ ದುಡ್ಡು ತಾನಾಗಿ ಬರುವುದಿಲ್ಲ, ರಿಟರ್ನ್ ಹಾಕಲು ಬಾಗಿಲು ತೆರೆದಂತೆ ಅಷ್ಟೆ. ಆಯಾ ವರ್ಷದ ಆಫ್‌ಲೈನ್ ಯುಟಿಲಿಟಿ ಇಳಿಸಿಕೊಂಡು, ಯಾವ ಕಲಂ ಅಡಿ ಎಂಬಲ್ಲಿ 139(4) ಬಿಟ್ಟು 119(2)(ಬಿ) ಆರಿಸಿ, ಆದೇಶದ ಮೇಲಿರುವ ಗುರುತಿನ ಸಂಖ್ಯೆ (ಡಿಐಎನ್) ಮತ್ತು ದಿನಾಂಕ ತುಂಬಿ. ಡಿಐಎನ್‌ನಲ್ಲಿ ಒಂದು ಅಂಕಿ ತಪ್ಪಿದರೂ ರಿಟರ್ನ್ ಅಮಾನ್ಯವಾಗುವ ಅಪಾಯ ಇದೆ, ನಕಲು ಮಾಡಿ ಅಂಟಿಸುವುದು ಒಳ್ಳೆಯದು. ಆದೇಶದಲ್ಲಿ ಇಷ್ಟು ದಿನದೊಳಗೆ ಎಂದು ಇದ್ದರೆ ಅದನ್ನು ಮೀರಬೇಡಿ. ಇದಕ್ಕೂ 30 ದಿನದಲ್ಲಿ ಇ-ವೆರಿಫೈ ಆಗಲೇಬೇಕು. ಹೀಗೆ ಬರುವ ರೀಫಂಡಿಗೆ ಬಡ್ಡಿ ಇಲ್ಲ ಎಂದು ಸುತ್ತೋಲೆಯಲ್ಲೇ ಇದೆ, ಅದಕ್ಕಾಗಿ ದೂರು ಬರೆಯುವುದು ವ್ಯರ್ಥ.

---

ಜಮಾಖರ್ಚು ಬರೆದದ್ದು

ಕೊನೆಗೆ ಎರಡು ಮಾತು. ಯಾವುದಾದರೂ ಎಫ್‌ಡಿಗೆ ಬ್ಯಾಂಕಿನಲ್ಲಿ ಪ್ಯಾನ್ ಸೇರಿಲ್ಲದಿದ್ದರೆ ಶೇ. 20 ಹಿಡಿದಿರುತ್ತಾರೆ, ಅದು 26ಎಎಸ್‌ನಲ್ಲಿ ಕಾಣುವುದೇ ಇಲ್ಲ. ಪಾಸ್‌ಬುಕ್ಕಿನ ಕಡಿತಗಳನ್ನೂ 26ಎಎಸ್‌ನ ಸಾಲುಗಳನ್ನೂ ಒಂದೊಂದಾಗಿ ತಾಳೆ ನೋಡಿ. ಬಿಟ್ಟುಹೋಗಿದ್ದರೆ ಬ್ಯಾಂಕು ತನ್ನ ಟಿಡಿಎಸ್ ವಿವರಪಟ್ಟಿಯಾದ 26ಕ್ಯೂಗೆ ತಿದ್ದುಪಡಿ ಹಾಕಬೇಕು. 2026ರ ಏಪ್ರಿಲ್ 1ರಿಂದ ಬರುವ ಹೊಸ ಕಾಯ್ದೆಯಲ್ಲಿ ತಿದ್ದುಪಡಿಯ ಅವಧಿ ಎರಡು ವರ್ಷಕ್ಕೆ ಇಳಿಯುತ್ತದೆ, ಆದ್ದರಿಂದ ಹಳೆ ವರ್ಷದ ತಪ್ಪಿದ್ದರೆ ಮಾರ್ಚ್‌ನೊಳಗೆ ಮಾಡಿಸಿ. ಶಾಖೆಯಲ್ಲಿ ಬಾಯಿ ಮಾತಿಗೆ ಕೆಲಸ ಆಗುವುದಿಲ್ಲ, ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಇನ್ನು 15ಎಚ್. ಈ ಹಣಕಾಸು ವರ್ಷದಿಂದ ಹಿರಿಯರಿಗೆ ಬ್ಯಾಂಕ್ ಬಡ್ಡಿ 1 ಲಕ್ಷ ದಾಟಿದರೆ ಮಾತ್ರ ಟಿಡಿಎಸ್, ಮೊದಲು 50,000 ಇತ್ತು. ನಿಮ್ಮ ತಂದೆಯವರದು ಹೇಗೂ ದಾಟುತ್ತದೆ. ವರ್ಷದ ತೆರಿಗೆ ಸೊನ್ನೆ ಆಗುವಂತಿದ್ದರೆ 87ಎ ರಿಯಾಯಿತಿ ಲೆಕ್ಕ ಹಿಡಿದೇ 15ಎಚ್ ಕೊಡಬಹುದು. ನಾಳೆಯೇ ಕೊಟ್ಟರೆ ಮಾರ್ಚ್‌ವರೆಗಿನ ಮಿಕ್ಕ ಕಡಿತವಾದರೂ ನಿಲ್ಲುತ್ತದೆ, ಆಮೇಲೆ ಪ್ರತಿ ಏಪ್ರಿಲ್ ಮೊದಲ ವಾರ ಹೊಸದಾಗಿ ಕೊಡಬೇಕು. ಬೇರೆ ಬೇರೆ ಬ್ಯಾಂಕಿನಲ್ಲಿ ಎಫ್‌ಡಿ ಇದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ.